ಡ್ಯಾಮು ತುಂಬಿದರೆ ಭೂಮಿ ವಾಲುತ್ತದೆಯೇ?

(ಬುಕ್ಕಸಾಗರದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)

ಈ ದತ್ತಿಯನ್ನು ಇಟ್ಟ ಕುಟುಂಬದವರು ತಮ್ಮ ಹಿರಿಯರ ನೆನಪಿಗೆ ಊರಿನಲ್ಲಿ ವರ್ಷಕ್ಕೊಂದು ಸಲ ವಿಜ್ಞಾನದ ಮಾತು ನಡೆಯಲಿ ಎಂದು ಬಯಸಿದ್ದಾರೆ.

ವಿಷಯ ಆರಿಸಿದ್ದು ನಾನಲ್ಲ. ಹೋದ ಸಲ ಈ ಊರಿಗೆ ಬಂದಿದ್ದಾಗ ಕಾಲುವೆ ದಂಡೆಯ ಮೇಲೆ ಒಬ್ಬ ಹಿರಿಯರು ಸಿಕ್ಕರು. ಬಾಳೆತೋಟಕ್ಕೆ ನೀರು ಕಟ್ಟುತ್ತಿದ್ದರು. ನಾನು ಭೂಮಿ ಅಳೆಯುವ ವಿದ್ಯೆ ಓದಿದವನು ಎಂದು ತಿಳಿದ ಮೇಲೆ ಸಲಿಕೆ ನೆಲಕ್ಕೆ ಊರಿ ತುಂಗಭದ್ರಾ ಡ್ಯಾಮಿನ ಬಗ್ಗೆ ಕೇಳಿದರು: “ಅಲ್ರೀ ಸಾರ್, ಅಷ್ಟು ದೊಡ್ಡ ಡ್ಯಾಮು ತುಂಬಿ ನಿಂತ್ರೆ ಭೂಮಿ ಒಂದು ಕಡೀಗೆ ವಾಲಂಗಿಲ್ಲೇನ್ರೀ?” ಪಕ್ಕದಲ್ಲಿದ್ದ ಹುಡುಗರು ನಕ್ಕರು. ನನಗೆ ನಗು ಬರಲಿಲ್ಲ. ಅವರು ಕೇಳಿದ ಪ್ರಶ್ನೆಗೇ ಜಗತ್ತಿನ ನೂರಾರು ಕಡೆ ಬಂಡೆಗೆ ಆಂಟೆನಾ ನೆಟ್ಟುಕೊಂಡು ಜನ ದಿನವೂ ಉತ್ತರ ಹುಡುಕುತ್ತಿದ್ದಾರೆ. ಇವತ್ತಿನ ಮಾತೆಲ್ಲ ಆ ಯಜಮಾನರಿಗೆ ನಾನು ಕೊಡಬೇಕಾದ ಉತ್ತರ.

ಮೊದಲು ಹಂಪಿಗೆ ಹೋಗೋಣ. ವಿರೂಪಾಕ್ಷ ಗುಡಿಯ ಹಿಂಭಾಗದ ಕತ್ತಲೆ ಕೋಣೆಯಲ್ಲಿ ಗೋಡೆಯ ಮೇಲೆ ರಾಜಗೋಪುರ ತಲೆಕೆಳಗಾಗಿ ಕಾಣುವುದನ್ನು ನಿಮ್ಮಲ್ಲಿ ನೋಡದವರಿಲ್ಲ. ಎದುರು ಗೋಡೆಯ ಸಣ್ಣ ಕಿಂಡಿಯಿಂದ ಬೆಳಕು ಒಳಗೆ ಬರುತ್ತದೆ. ಮೇಲಿನದು ಕೆಳಗಾಗಿ, ಕೆಳಗಿನದು ಮೇಲಾಗಿ ಬೀಳುತ್ತದೆ. ನಾನು ಒಮ್ಮೆ ಆ ಕೋಣೆಯಲ್ಲಿ ಬಹಳ ಹೊತ್ತು ನಿಂತಿದ್ದೆ. ಹೊರಗೆ ಮೋಡ ಬಂದರೆ ಚಿತ್ರ ಮಂಕಾಗುತ್ತದೆ, ಬಿಸಿಲು ಬಂದರೆ ಬೆಳಗುತ್ತದೆ. ಆದರೆ ಗೋಪುರದ ಕಳಸ ಬಿದ್ದ ಜಾಗ ಒಂದು ಕೂದಲೆಳೆಯಷ್ಟೂ ಕದಲುವುದಿಲ್ಲ. ಆ ಹೊತ್ತಿನಲ್ಲೂ ಗೋಪುರ, ಕಿಂಡಿ, ಗೋಡೆ, ನಾನು ಎಲ್ಲರೂ ಸೆಕೆಂಡಿಗೆ ಸುಮಾರು 448 ಮೀಟರ್ ವೇಗದಲ್ಲಿ ಪೂರ್ವಕ್ಕೆ ಓಡುತ್ತಿದ್ದೆವು. ಗಂಟೆಗೆ 1,600 ಕಿಲೋಮೀಟರಿಗೂ ಹೆಚ್ಚು. 15 ಡಿಗ್ರಿಗೆ ತುಸು ಮೇಲಿರುವ ನಮ್ಮ ಅಕ್ಷಾಂಶದಲ್ಲಿ ಭೂಮಿ ತಿರುಗುವ ವೇಗ ಅದು. ಗೋಪುರವೂ ಗೋಡೆಯೂ ಒಂದೇ ನೆಲದ ಮೇಲೆ ನಿಂತಿರುವುದರಿಂದ ಒಂದು ಓಡುವುದು ಇನ್ನೊಂದಕ್ಕೆ ಕಾಣುವುದಿಲ್ಲ. ನೆಲದ ಚಲನೆ ಕಾಣಬೇಕಾದರೆ ನೆಲಕ್ಕೆ ಅಂಟಿಕೊಳ್ಳದ ಏನನ್ನಾದರೂ ನೋಡಬೇಕು.

ಹಿಂದಿನವರು ನಕ್ಷತ್ರ ನೋಡಿದರು. ಭೂಮಿ ತನ್ನ ಅಕ್ಷದ ಮೇಲೆ ನೆಟ್ಟಗೆ ತಿರುಗುವುದಿಲ್ಲ, ತುಸು ತೊನೆಯಬೇಕು ಎಂದು 1765ರಲ್ಲಿ ಗಣಿತಜ್ಞ ಆಯ್ಲರ್ ಲೆಕ್ಕ ಹಾಕಿದ. ಒಂದು ಸುತ್ತು ತೊನೆಯಲು 305 ದಿನ ಬೇಕು ಎಂಬುದು ಅವನ ಉತ್ತರ. ನೂರು ವರ್ಷ ಖಗೋಳಶಾಸ್ತ್ರಜ್ಞರು 305 ದಿನದ ತೊನೆತವನ್ನೇ ಹುಡುಕಿದರು, ಸಿಗಲಿಲ್ಲ. 1891ರಲ್ಲಿ ಅಮೆರಿಕದ ಸೇತ್ ಚಾಂಡ್ಲರ್ ಅದನ್ನು ಕಂಡ. ಅವನು ಹೊಟ್ಟೆಪಾಡಿಗೆ ವಿಮಾ ಕಂಪನಿಯಲ್ಲಿ ಲೆಕ್ಕ ಹಾಕುತ್ತಿದ್ದವನು. ಉಳಿದವರ ಹಾಗೆ 305 ದಿನವನ್ನು ಮನಸ್ಸಿನಲ್ಲಿಟ್ಟುಕೊಂಡು ಅಳೆಯದೆ, ಅಳತೆ ಏನು ಹೇಳುತ್ತದೋ ಅದನ್ನೇ ಕೇಳಿದ. ಸುಮಾರು 14 ತಿಂಗಳು ಎಂದಿತು. ಆಯ್ಲರ್ ಭೂಮಿಯನ್ನು ಗಟ್ಟಿ ಗುಂಡು ಎಂದುಕೊಂಡಿದ್ದ. ಭೂಮಿ ಬಗ್ಗುತ್ತದೆ, ಅದರ ಮೈಮೇಲೆ ಕಡಲು ತುಳುಕುತ್ತದೆ, ಆದ್ದರಿಂದ ತೊನೆತ ನಿಧಾನ. ಈ ತೊನೆತ ಅಳೆಯಲು 1899ರಿಂದ ಜಪಾನಿನ ಮಿಝುಸಾವಾ, ಇಟಲಿಯ ಕಾರ್ಲೊಫೋರ್ಟೆ ಮುಂತಾದ ಒಂದೇ ಅಕ್ಷಾಂಶದ ಊರುಗಳಲ್ಲಿ ಜನ ರಾತ್ರಿ ರಾತ್ರಿ ಅವೇ ನಕ್ಷತ್ರಗಳಿಗೆ ದೂರದರ್ಶಕ ಹಿಡಿದು ಕೂತರು. ಈ 14 ತಿಂಗಳ ತೊನೆತಕ್ಕೆ 12 ತಿಂಗಳ ಇನ್ನೊಂದು ತೊನೆತ ಸೇರಿಕೊಳ್ಳುತ್ತದೆ. ಕಣದಲ್ಲಿ ಮೇಟಿಯ ಸುತ್ತ ಎತ್ತು ತಿರುಗಿದ ಹಾಗೆ, ಉತ್ತರ ಧ್ರುವ ಹತ್ತು ಹದಿನೈದು ಮೀಟರ್ ಅಗಲದ ಒಂದು ಕಣದೊಳಗೆ ಒಮ್ಮೆ ಒಳಸುತ್ತು, ಒಮ್ಮೆ ಹೊರಸುತ್ತು ಹಾಕುತ್ತಿರುತ್ತದೆ.

ಈಗ ನಕ್ಷತ್ರದ ಜಾಗಕ್ಕೆ ಉಪಗ್ರಹ ಬಂದಿದೆ. ನಿಮ್ಮ ಫೋನಿನಲ್ಲಿ ದಾರಿ ತೋರಿಸುವ ಜಿಪಿಎಸ್ ಉಪಗ್ರಹಗಳೇ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ, 11 ಗಂಟೆ 58 ನಿಮಿಷಕ್ಕೊಂದು ಸುತ್ತು. ಇಲ್ಲಿ ಒಂದು ಸಂಗತಿ ಮನಸ್ಸಿನಲ್ಲಿಡಿ. ಉಪಗ್ರಹಕ್ಕೆ ನಮ್ಮ ನೆಲ ಯಾವ ಕಡೆ ತಿರುಗಿತು ಎಂಬ ಪರಿವೆ ಇಲ್ಲ. ಅದು ಸುತ್ತುವುದು ಭೂಮಿಯ ಒಟ್ಟು ದ್ರವ್ಯರಾಶಿಯ ಕೇಂದ್ರವನ್ನು. ಬಂಡೆ, ಕಡಲು, ಹಿಮ, ಗಾಳಿ, ಅಂತರ್ಜಲ ಎಲ್ಲ ಸೇರಿ ತೂಕದ ನಡುಬಿಂದು ಎಲ್ಲಿದೆಯೋ ಅಲ್ಲಿಗೆ ಅದರ ಹಗ್ಗ ಕಟ್ಟಿದೆ. ಕೆಳಗೆ ನೆಲ ತಿರುಗುತ್ತದೆ, ತೊನೆಯುತ್ತದೆ. ಮೇಲೆ ಕಕ್ಷೆ ತನ್ನ ಪಾಡಿಗೆ ಇರುತ್ತದೆ. ನೆಲದಲ್ಲಿ ಗಟ್ಟಿಯಾಗಿ ನೆಟ್ಟ ಆಂಟೆನಾಗಳಿಂದ ಉಪಗ್ರಹಗಳಿಗಿರುವ ದೂರವನ್ನು ದಿನವಿಡೀ ಅಳೆದರೆ, ಕಕ್ಷೆಗಳ ಕೆಳಗೆ ನೆಲ ಎಷ್ಟು ತಿರುಗಿತು, ಎತ್ತ ತೊನೆಯಿತು ಎಂಬುದು ಲೆಕ್ಕದಲ್ಲಿ ಹೊರಬೀಳುತ್ತದೆ. ಫೋನು ಉಪಗ್ರಹ ಎಲ್ಲಿದೆ ಎಂದು ನಂಬಿ ತಾನೆಲ್ಲಿದ್ದೇನೆ ಎಂದು ಕೇಳುತ್ತದೆ. ಈ ಕೆಲಸದಲ್ಲಿ ಎರಡನ್ನೂ ಒಟ್ಟಿಗೆ ಬಿಡಿಸಬೇಕು.

ಅಂಥ ಆಂಟೆನಾವನ್ನು ಹತ್ತಿರದಿಂದ ನೋಡಿದರೆ ನಿಮಗೆ ಆಶ್ಚರ್ಯವಾಗುತ್ತದೆ, ಅಷ್ಟು ಸಾದಾ. ಬಂಡೆಗೆ ಅಥವಾ ಬಂಡೆಯವರೆಗೆ ಇಳಿಸಿದ ಕಾಂಕ್ರೀಟ್ ಕಂಬಕ್ಕೆ ಬಿಗಿದ ಒಂದು ಸ್ಟೀಲ್ ಪಿನ್. ಅದರ ಮೇಲೆ ಊಟದ ತಟ್ಟೆಗಿಂತ ತುಸು ದೊಡ್ಡದಾದ ಲೋಹದ ಚಕ್ರ, ಅದರಲ್ಲಿ ಬಳೆ ಮಲಾರದ ಹಾಗೆ ಒಂದರೊಳಗೊಂದು ಉಂಗುರ. ನೆಲಕ್ಕೂ ಗೋಡೆಗೂ ಬಡಿದು ತಿರುಗಿ ಬರುವ ಕಳ್ಳ ಅಲೆಗಳನ್ನು ಆ ಉಂಗುರಗಳು ತಡೆಯುತ್ತವೆ. ಉಪಗ್ರಹದಿಂದ ಬರುವ ಅಲೆಯ ಉದ್ದ ಸುಮಾರು 19 ಸೆಂಟಿಮೀಟರ್, ಒಂದು ಗೇಣಿಗಿಂತ ಸ್ವಲ್ಪ ಕಡಿಮೆ. ಆ ಗೇಣನ್ನು ನೂರು ಪಾಲು ಮಾಡಿ ಅಲೆ ಯಾವ ಪಾಲಿನಲ್ಲಿದೆ ಎಂದು ಯಂತ್ರ ಗುರುತಿಸುತ್ತದೆ. ಮಿಲಿಮೀಟರಿನ ಮಾತು ಹುಟ್ಟುವುದು ಅಲ್ಲಿಂದ.

ನಮ್ಮ ರಾಜ್ಯದಲ್ಲಿ ಇದರ ಕತೆ ಬೆಂಗಳೂರಿನಿಂದ ಶುರುವಾಗುತ್ತದೆ. ಭೂವಿಜ್ಞಾನಿ ವಿನೋದ್ ಗೌರ್ ಅವರೂ ಅವರ ಸಂಗಡಿಗರೂ ವಿದೇಶಿ ವಿಜ್ಞಾನಿಗಳ ಜೊತೆ ಸೇರಿ 1991ರಿಂದ ಬೆಂಗಳೂರಿಗೂ ಕಾಠ್ಮಂಡುವಿಗೂ ನಡುವಿನ ದೂರವನ್ನು ಜಿಪಿಎಸ್‌ನಿಂದ ಮತ್ತೆ ಮತ್ತೆ ಅಳೆದರು. ಭಾರತ ಎಷ್ಟು ವೇಗದಲ್ಲಿ ಹಿಮಾಲಯವನ್ನು ನೂಕುತ್ತಿದೆ ಎಂದು ತಿಳಿಯಲು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ನಿಂತ ಜಿಪಿಎಸ್ ಕೇಂದ್ರ 1990ರ ದಶಕದಲ್ಲೇ ಇಂಥ ಕೇಂದ್ರಗಳ ಅಂತರರಾಷ್ಟ್ರೀಯ ಜಾಲಕ್ಕೆ ಸೇರಿತು. ಆ ಜಾಲ ವಿಧಿವತ್ತಾಗಿ ಕೆಲಸ ಆರಂಭಿಸಿದ್ದು 1994ರ ಜನವರಿ 1ರಂದು. ಬೆಂಗಳೂರಿನ ಕೇಂದ್ರ ಹೇಳುವ ಪ್ರಕಾರ ನಮ್ಮ ಪರ್ಯಾಯದ್ವೀಪ ವರ್ಷಕ್ಕೆ 5 ಸೆಂಟಿಮೀಟರಿಗೂ ಸ್ವಲ್ಪ ಹೆಚ್ಚು ಈಶಾನ್ಯಕ್ಕೆ ಸರಿಯುತ್ತಿದೆ. ಬುಕ್ಕಸಾಗರವೂ ಅದೇ ಬಂಡೆಯ ಮೇಲಿದೆ. 30 ವರ್ಷದ ಹಿಂದೆ ಇಲ್ಲಿ ಹಾಕಿದ ಬಾವಿ ಈಗ ಒಂದೂವರೆ ಮೀಟರಿಗಿಂತ ಮುಂದೆ ಬಂದಿದೆ, ಪಕ್ಕದ ಹೊಲವೂ ಅಷ್ಟೇ ಬಂದಿರುವುದರಿಂದ ಬದುವಿನ ಜಗಳ ಇದ್ದಲ್ಲೇ ಇದೆ.

ಇಂಥ ನೂರಾರು ಕೇಂದ್ರಗಳ ಅಳತೆ ಸೇರಿಸಿ ಇವತ್ತು ಧ್ರುವ ಎಲ್ಲಿದೆ ಎಂಬುದನ್ನು ದಿನಕ್ಕೊಮ್ಮೆ ಹೇಳುತ್ತಾರೆ. ನೆಲದ ಮೇಲೆ ಹೇಳಿದರೆ ಸುಮಾರು 1 ಮಿಲಿಮೀಟರ್ ನಿಖರತೆ. ನಾನು ಈ ವಿದ್ಯೆಗೆ ಬಂದಾಗಿನಿಂದ ಎಷ್ಟೋ ಸಂಖ್ಯೆ ನೋಡಿದ್ದೇನೆ, ಇದರಷ್ಟು ನನ್ನನ್ನು ತಟ್ಟಿದ್ದು ಇನ್ನೊಂದಿಲ್ಲ. ಯಾರೂ ವಾಸವಿಲ್ಲದ ಹಿಮಗಡಲಿನ ನಡುವಿನ ಒಂದು ಬಿಂದುವನ್ನು ಬೆಂಗಳೂರಿನ ಮರಗಳ ನಡುವಿನಿಂದ ಅಕ್ಕಿಕಾಳಿನ ದಪ್ಪಕ್ಕೆ ಅಳೆಯುವುದು! ಒಂದು ಮಿತಿಯನ್ನೂ ಹೇಳಬೇಕು. ಉಪಗ್ರಹದ ಕಕ್ಷೆಯೇ ನಿಧಾನವಾಗಿ ಜರುಗುತ್ತದೆ. ಕಕ್ಷೆ ಜರುಗಿತೋ ನೆಲ ಹೆಚ್ಚು ತಿರುಗಿತೋ ಎಂದು ಉಪಗ್ರಹವೊಂದರಿಂದಲೇ ದೀರ್ಘಕಾಲದಲ್ಲಿ ಬೇರ್ಪಡಿಸಲಾಗದು. ಅದಕ್ಕೆ ಕೋಟ್ಯಂತರ ಜ್ಯೋತಿರ್ವರ್ಷ ದೂರದ ಕ್ವೇಸಾರ್ ಎಂಬ ಆಕಾಶಕಾಯಗಳಿಗೆ ರೇಡಿಯೋ ದೂರದರ್ಶಕ ತಿರುಗಿಸಬೇಕು. ದಿನದಿಂದ ದಿನಕ್ಕೆ ಆಗುವ ಬದಲಾವಣೆಯನ್ನು ಜಿಪಿಎಸ್ ಹಿಡಿಯುತ್ತದೆ, ಭೂಮಿಯೆಂಬ ಗಡಿಯಾರ ಒಟ್ಟು ಎಷ್ಟು ಹಿಂದೆ ಬಿದ್ದಿದೆ ಎಂಬುದನ್ನು ಕ್ವೇಸಾರ್ ಹೇಳುತ್ತದೆ.

ಇನ್ನು ಭೂಮಿಯ ಕೇಂದ್ರದ ವಿಚಾರ. ಬ್ರಿಟಿಷರ ಕಾಲದಲ್ಲಿ ಲ್ಯಾಂಬ್ಟನ್ ಎಂಬ ಸರ್ವೆಯರ್ 1800ರಲ್ಲಿ ಬೆಂಗಳೂರಿನ ಬಳಿ ಸರಪಳಿ ಹಿಡಿದು ಅಳತೆ ಆರಂಭಿಸಿದ. ಆ ಸರ್ವೆಯನ್ನು ಎವರೆಸ್ಟ್ ಎಂಬವನು ಮುಂದುವರಿಸಿ, ಭಾರತಕ್ಕೆ ಒಪ್ಪುವ ಭೂಮಿಯ ಆಕಾರವೊಂದನ್ನು 1830ರಲ್ಲಿ ಕೊಟ್ಟ. ನಮ್ಮ ಹಳೆಯ ಟೋಪೋಶೀಟುಗಳೆಲ್ಲ ಅದರ ಮೇಲೆ ನಿಂತವು. ಹೊಸಪೇಟೆ, ಸಂಡೂರಿನ ಹಳೆ ನಕ್ಷೆಯಿಂದ ಅಕ್ಷಾಂಶ ರೇಖಾಂಶ ಓದಿ ಫೋನಿಗೆ ಹಾಕಿದರೆ ಜಾಗ ನೂರು ಮೀಟರಿಗೂ ಹೆಚ್ಚು ತಪ್ಪುತ್ತದೆ. ಅಳೆದವರ ಕೈ ತಪ್ಪಿದ್ದಲ್ಲ. ನೆಲದ ಮೇಲೆಯೇ ಅಳೆದವರಿಗೆ ಭೂಮಿಯ ಕೇಂದ್ರ ಎಲ್ಲಿದೆ ಎಂದು ತಿಳಿಯುವ ದಾರಿಯೇ ಇರಲಿಲ್ಲ. ಅವರ ಆಕಾರದ ಕೇಂದ್ರ ನಿಜವಾದ ಕೇಂದ್ರದಿಂದ 800 ಮೀಟರಿಗೂ ಹೆಚ್ಚು ಆಚೆ ಇತ್ತು. ಕೇಂದ್ರವನ್ನು ಸುತ್ತುವ ಉಪಗ್ರಹ ಬಂದ ಮೇಲೆಯೇ ಆ 800 ಮೀಟರ್ ಕಂಡದ್ದು. ಈಗ ನಮ್ಮ ಜಗಳ ಎರಡು ಮೂರು ಮಿಲಿಮೀಟರಿನದು.

ಆ ಎರಡು ಮೂರು ಮಿಲಿಮೀಟರ್ ಎಲ್ಲಿಂದ ಬಂತು? ಆನೆಗೊಂದಿ ದಡಕ್ಕೆ ಹರಿಗೋಲಿನಲ್ಲಿ ದಾಟಿದ್ದನ್ನು ನೆನೆಸಿಕೊಳ್ಳಿ. ಹುಟ್ಟು ಹಾಕುವುದನ್ನು ನಿಲ್ಲಿಸಿ, ಮಡುವಿನಲ್ಲಿ ಹರಿಗೋಲು ಸುಮ್ಮನೆ ತೇಲುತ್ತಿದೆ ಎನ್ನಿ. ಈ ಅಂಚಿನಲ್ಲಿ ಕೂತವನು ಎದ್ದು ಆ ಅಂಚಿಗೆ ಹೋದರೆ ಹರಿಗೋಲು ಏನು ಮಾಡುತ್ತದೆ? ಅವನು ಹೋದ ದಿಕ್ಕಿಗೆ ಎದುರಾಗಿ ತುಸು ಹಿಂದೆ ಸರಿಯುತ್ತದೆ. ಹರಿಗೋಲು, ಜನ, ಕುರಿ, ಮೂಟೆ ಎಲ್ಲ ಸೇರಿದ ತೂಕದ ನಡುಬಿಂದು ಮಾತ್ರ ಇದ್ದಲ್ಲೇ ಇರುತ್ತದೆ. ಭೂಮಿಯ ಗಟ್ಟಿ ಒಡಲು ಹರಿಗೋಲು. ಎದ್ದು ಓಡಾಡುವ ಪ್ರಯಾಣಿಕ ನೀರು. ಮುಂಗಾರಿನಲ್ಲಿ ಕಡಲಿನ ನೀರು ನಮ್ಮ ನೆಲದ ಮೇಲೆ ಬಂದು ಕೂರುತ್ತದೆ, ಚಳಿಗಾಲದಲ್ಲಿ ಸೈಬೀರಿಯಾ, ಕೆನಡಾದ ಮೇಲೆ ಹಿಮವಾಗಿ ಕೂರುತ್ತದೆ, ಬೇಸಿಗೆಗೆ ಮತ್ತೆ ಕಡಲಿಗೆ ಇಳಿಯುತ್ತದೆ. ನೀರು ಜಾಗ ಬದಲಿಸಿದ ಹಾಗೆ ಗಟ್ಟಿ ಭೂಮಿ ಎದುರು ದಿಕ್ಕಿಗೆ ವರ್ಷಕ್ಕೊಮ್ಮೆ ಎರಡು ಮೂರು ಮಿಲಿಮೀಟರ್ ಹೋಗಿ ಬರುತ್ತದೆ. ಉಪಗ್ರಹ ನಡುಬಿಂದುವಿಗೆ ಕಟ್ಟಿಕೊಂಡಿದೆ, ಆಂಟೆನಾಗಳು ಹರಿಗೋಲಿನ ಅಂಚಿಗೆ ಕಟ್ಟಿಕೊಂಡಿವೆ. ಎಲ್ಲ ಆಂಟೆನಾಗಳೂ ಒಟ್ಟಿಗೆ ಒಂದೇ ಕಡೆಗೆ ಸರಿದಂತೆ ಕಂಡರೆ ಹರಿಗೋಲು ಸರಿದಿದೆ ಎಂದು ಅರ್ಥ.

ಹೇಳುವುದು ಸುಲಭ, ಅಳೆಯುವುದು ಕಷ್ಟ. ಬಿಸಿಲು ಉಪಗ್ರಹದ ಸೌರಫಲಕಗಳನ್ನು ಮೆಲ್ಲಗೆ ತಳ್ಳುತ್ತದೆ. ಕಕ್ಷೆಗಳಿಗೂ ಸೂರ್ಯನಿಗೂ ನಡುವಿನ ಜೋಡಣೆ ಸುಮಾರು 351 ದಿನಕ್ಕೊಮ್ಮೆ ಮರಳುವುದರಿಂದ ಆ ತಳ್ಳಾಟದ ತಪ್ಪೂ 351 ದಿನಕ್ಕೊಮ್ಮೆ ಮರಳುತ್ತದೆ. ನೀರಿನ ವರ್ಷ 365 ದಿನ. ಇಷ್ಟು ಹತ್ತಿರದ ಎರಡು ತಾಳಗಳನ್ನು ಬೇರ್ಪಡಿಸಲು ಹಲವು ವರ್ಷದ ದಾಖಲೆ ಬೇಕು. ಆದ್ದರಿಂದ ಕೇಂದ್ರದ ವಿಷಯದಲ್ಲಿ ಇವತ್ತಿಗೂ ಕೊನೆಯ ಮಾತು ಲೇಸರಿನದು. 1976ರಲ್ಲಿ ಹಾರಿಸಿದ ಲೇಜಿಯೋಸ್ ಎಂಬ ಉಪಗ್ರಹ 60 ಸೆಂಟಿಮೀಟರಿನ ಗುಂಡು, ತೂಕ ಸುಮಾರು 400 ಕಿಲೋ, ಮೈತುಂಬ 426 ಪ್ರತಿಫಲಕ. ರೆಕ್ಕೆಯಿಲ್ಲ, ಯಂತ್ರವಿಲ್ಲ. ಬಿಸಿಲು ಅದನ್ನು ಅಷ್ಟಾಗಿ ಅಲುಗಿಸದು. ನೆಲದಿಂದ ಲೇಸರ್ ಬಿಟ್ಟು ಅದು ತಿರುಗಿ ಬರುವ ಹೊತ್ತನ್ನು ಅಳೆಯುತ್ತಾರೆ.

ಈಗ ಯಜಮಾನರ ಡ್ಯಾಮಿಗೆ ಬರೋಣ. 1953ರಲ್ಲಿ ನೀರು ನಿಂತ ತುಂಗಭದ್ರಾ ಜಲಾಶಯದ ಈಗಿನ ಸಾಮರ್ಥ್ಯ 105.788 ಟಿಎಂಸಿ. ಒಂದು ಟಿಎಂಸಿ ಎಂದರೆ 2.83 ಕೋಟಿ ಘನಮೀಟರ್, ಅಂದರೆ 2.83 ಕೋಟಿ ಟನ್ ನೀರು. ತುಂಬಿದ ಡ್ಯಾಮಿನ ನೀರಿನ ತೂಕ ಸುಮಾರು 300 ಕೋಟಿ ಟನ್. ಭೂಮಿಯ ತೂಕ ಟನ್ನುಗಳಲ್ಲಿ 6ರ ಮುಂದೆ 21 ಸೊನ್ನೆ. ಭೂಮಿಯನ್ನು ಎರಡು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ನಮ್ಮ ಡ್ಯಾಮಿನ ನೀರು. ಕೇಂದ್ರದಿಂದ ಇಲ್ಲಿಗೆ ದೂರ ಸುಮಾರು 6,371 ಕಿಲೋಮೀಟರ್. ಅದರ ಎರಡು ಲಕ್ಷ ಕೋಟಿಯ ಒಂದು ಪಾಲು ಸುಮಾರು 3 ಮೈಕ್ರಾನ್. ತುಂಬಿದ ಡ್ಯಾಮು ಹರಿಗೋಲನ್ನು ಸರಿಸುವುದು ತಲೆಗೂದಲಿನ ದಪ್ಪದ ಇಪ್ಪತ್ತನೇ ಒಂದು ಭಾಗದಷ್ಟು. ಇದನ್ನು ಯಾವ ಯಂತ್ರವೂ ಕಾಣಲಾರದು.

ಆದರೆ ಅವರು ಕೇಳಿದ್ದು ವಾಲುವುದರ ಬಗ್ಗೆ, ಅದರ ಲೆಕ್ಕ ಬೇರೆ. ಬೀಸುಕಲ್ಲಿನ ಮೇಲೆ ಒಂದು ಕಡೆ ಹಿಡಿ ಹಿಟ್ಟು ಮೆತ್ತಿಕೊಂಡರೆ ಕಲ್ಲು ತಿರುಗುವ ರೀತಿ ಬದಲಾಗುತ್ತದೆ. ಭೂಮಿಯ ಮೇಲೆ ಹಾಗೆ ಮೆತ್ತಿದ ತೂಕ 45 ಡಿಗ್ರಿ ಅಕ್ಷಾಂಶದಲ್ಲಿದ್ದರೆ ಧ್ರುವವನ್ನು ಎಲ್ಲಕ್ಕಿಂತ ಹೆಚ್ಚು ಸರಿಸುತ್ತದೆ. ನಮ್ಮ 15 ಡಿಗ್ರಿಯಲ್ಲಿ ಅದರ ಅರ್ಧದಷ್ಟು. ಭೂಮಿಯ ನಡುಪಟ್ಟಿಯ ಉಬ್ಬು ಸಣ್ಣದಾದ್ದರಿಂದ ಇಲ್ಲಿ ಸಣ್ಣ ತೂಕಕ್ಕೂ ದೊಡ್ಡ ಉತ್ತರ ಸಿಗುತ್ತದೆ. ನಾನು ಹಾಕಿದ ಸ್ಥೂಲ ಲೆಕ್ಕದಲ್ಲಿ ತುಂಬಿದ ತುಂಗಭದ್ರಾ ಜಲಾಶಯ ಧ್ರುವದ ನಡುನೆಲೆಯನ್ನು ಸುಮಾರು 0.8 ಮಿಲಿಮೀಟರ್ ಸರಿಸುತ್ತದೆ, ನಮ್ಮಿಂದ ಆಚೆಗೆ, ಉತ್ತರ ಅಮೆರಿಕದ ದಿಕ್ಕಿಗೆ. ಚೀನಾದ ತ್ರೀ ಗಾರ್ಜಸ್ ಅಣೆಕಟ್ಟಿಗೆ ಇದೇ ಬಗೆಯ ಲೆಕ್ಕ ಹಾಕಿದವರಿಗೆ 2 ಸೆಂಟಿಮೀಟರ್ ಸಿಕ್ಕಿತ್ತು, ಅಲ್ಲಿನ ನೀರು ನಮ್ಮದರ ಹದಿಮೂರು ಪಟ್ಟು. ಹೌದು ಯಜಮಾನರೇ, ವಾಲುತ್ತದೆ. ಮಿಲಿಮೀಟರಿಗೆ ತುಸು ಕಡಿಮೆ. ಮೀಟರುಗಟ್ಟಲೆ ತೊನೆಯುವ ಧ್ರುವದಲ್ಲಿ ಈ ಒಂದು ಡ್ಯಾಮಿನ ಪಾಲನ್ನು ಹೆಕ್ಕಿ ತೆಗೆಯಲು ಆಗುವುದಿಲ್ಲ, ಅಷ್ಟೇ.

2024ರ ಆಗಸ್ಟ್ 10ರ ರಾತ್ರಿ ನಮ್ಮ ಡ್ಯಾಮಿನ 19ನೇ ಕ್ರೆಸ್ಟ್ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋದಾಗ ನೀವೆಲ್ಲ ಹೊಳೆ ದಂಡೆಗೆ ಓಡಿದ್ದು, ಬೆಳೆಗೆ ಕೂಡಿಟ್ಟ ನೀರು ಕಣ್ಣೆದುರೇ ಹರಿದುಹೋದದ್ದು ನನಗೆ ನೆನಪಿದೆ. ನಿಮಗೆ ಅದು ಒಂದು ಬೆಳೆಯ ಪ್ರಶ್ನೆ. ಆ ನೀರು ಕಡಲು ಸೇರಿದಷ್ಟೂ ಧ್ರುವ ತನ್ನ ಹಳೆ ಜಾಗದ ಕಡೆಗೆ ಅದೇ ಪ್ರಮಾಣದಲ್ಲಿ ಮರಳಿತು. ಇನ್ನೊಂದು ಮಾತು. ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ 105ಕ್ಕೆ ಇಳಿದದ್ದು ಹೂಳಿನಿಂದ. ನೀರು ಮೇ ತಿಂಗಳಿಗೆ ಹೋಗುತ್ತದೆ, ಹೂಳು ಹೋಗುವುದಿಲ್ಲ. ನೀರಿಗಿಂತ ಭಾರವಾದ ಆ ಕೆಸರು 70 ವರ್ಷದಿಂದ ಭೂಮಿಯ ತಕ್ಕಡಿಯಲ್ಲಿ ಕೂತೇ ಇದೆ.

ಡ್ಯಾಮು ಒಂದೊಂದೇ ಸಣ್ಣದು, ಎಲ್ಲ ಸೇರಿದರೆ ಅಲ್ಲ. 1835ರಿಂದ 2011ರವರೆಗೆ ಕಟ್ಟಿದ ಸುಮಾರು 7,000 ಅಣೆಕಟ್ಟುಗಳು ಸೇರಿ ಧ್ರುವವನ್ನು ಸುಮಾರು ಒಂದು ಮೀಟರ್ ಸರಿಸಿವೆ ಎಂದು 2025ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕ ಕೊಟ್ಟರು. ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಲೆಕ್ಕ. ದಕ್ಷಿಣ ಕೊರಿಯಾದ ಕಿ-ವಿಯೋನ್ ಸಿಯೋ ಮತ್ತು ಸಂಗಡಿಗರು 2023ರಲ್ಲಿ ತೋರಿಸಿದ್ದು ಇದು: 1993ರಿಂದ 2010ರ ನಡುವೆ ಮನುಷ್ಯರು ನೆಲದೊಳಗಿಂದ ಸುಮಾರು 2,15,000 ಕೋಟಿ ಟನ್ ನೀರು ಹೆಚ್ಚುವರಿಯಾಗಿ ಎತ್ತಿದರು. ಅದು ಹರಿದು ಕೊನೆಗೆ ಕಡಲು ಸೇರಿತು. ಧ್ರುವ ಸುಮಾರು 80 ಸೆಂಟಿಮೀಟರ್ ಪೂರ್ವಕ್ಕೆ ಜರುಗಿತು. ಹಿಮ ಕರಗಿದ್ದು, ಡ್ಯಾಮು ತುಂಬಿದ್ದು ಎಲ್ಲ ಲೆಕ್ಕಕ್ಕೆ ತೆಗೆದುಕೊಂಡರೂ ಧ್ರುವ ನಿಜವಾಗಿ ಸರಿದ ದಾರಿ ಹೊಂದಲಿಲ್ಲ; ಅಂತರ್ಜಲ ಸೇರಿಸಿದ ಮೇಲೆ ಹೊಂದಿತು. ಅದರಲ್ಲಿ ದೊಡ್ಡ ಪಾಲು ಎರಡು ಕಡೆಯದು, ಪಶ್ಚಿಮ ಅಮೆರಿಕ ಮತ್ತು ವಾಯವ್ಯ ಭಾರತ. ಪಂಜಾಬ್, ಹರಿಯಾಣದ ಬೋರ್‌ವೆಲ್‌ಗಳು.

ಕಾಲುವೆ ನೀರು ಮುಟ್ಟದ ಸಂಡೂರಿನ ಮೇಲ್ಭಾಗದಲ್ಲಿ, ಕೂಡ್ಲಿಗಿಯ ಕಡೆ, ಇನ್ನೂ ನೂರಡಿ ಹೋಗೋಣ ಎಂದು ರಿಗ್ಗಿನವನಿಗೆ ಹೇಳಿ ಬಡ್ಡಿ ಸಾಲ ಮಾಡಿದವರು ಈ ಸಭೆಯಲ್ಲೂ ಇದ್ದೀರಿ. ಬೋರು ಫೇಲಾದಾಗ ಬರುವ ಬಿಳಿ ಧೂಳು ನಿಮಗೆ ಗೊತ್ತು. ಎಷ್ಟು ನೀರು ಹೋಯಿತು ಎಂದು ಯಾವ ಬೋರಿಗೂ ಮೀಟರ್ ಕೂರಿಸಿಲ್ಲ. ಬರೆದಿಡದ ಆ ಲೆಕ್ಕವನ್ನು ಭೂಮಿಯ ಅಕ್ಷ ಬರೆದಿಟ್ಟುಕೊಂಡಿದೆ, ನಾವು ಅದನ್ನು 20,000 ಕಿಲೋಮೀಟರ್ ಮೇಲಿನ ಉಪಗ್ರಹದಿಂದ ಓದುತ್ತಿದ್ದೇವೆ.

ದಿನದ ಉದ್ದದ ಬಗ್ಗೆ ಮಕ್ಕಳಿಗಾಗಿ ಸ್ವಲ್ಪ. ದಿನ ಸರಿಯಾಗಿ 24 ಗಂಟೆ ಇರುವುದಿಲ್ಲ, ಸೆಕೆಂಡಿನ ಸಾವಿರದ ಒಂದೆರಡು ಭಾಗ ಹೆಚ್ಚುಕಡಿಮೆ. ಗಾಳಿ ಪೂರ್ವಕ್ಕೆ ಜೋರಾಗಿ ಬೀಸಿದರೆ ನೆಲ ಅಷ್ಟು ನಿಧಾನ. ಉತ್ತರಾರ್ಧದ ಗಾಳಿ ತಗ್ಗುವ ಆಷಾಢ, ಶ್ರಾವಣದ ಹೊತ್ತಿಗೆ ಭೂಮಿ ವರ್ಷದಲ್ಲೇ ಚುರುಕು. 2024ರ ಜುಲೈ 5ರ ದಿನ 1.66 ಮಿಲಿಸೆಕೆಂಡ್ ಕಿರಿದಾಗಿತ್ತು. ಒಂದು ಮಿಲಿಸೆಕೆಂಡಿನಲ್ಲಿ ಬುಕ್ಕಸಾಗರ 45 ಸೆಂಟಿಮೀಟರ್ ಪೂರ್ವಕ್ಕೆ ಹೋಗಿರುತ್ತದೆ, ಒಂದು ಮೊಳ. ಈ ತಿದ್ದುಪಡಿ ಉಪಗ್ರಹ ನಡೆಸುವವರಿಗೆ ತಿಳಿಯದಿದ್ದರೆ ದಿನ ಕಳೆದಂತೆ ಮೊಳಕ್ಕೆ ಮೊಳ ಕೂಡುತ್ತ ಫೋನು ನಿಮ್ಮನ್ನು ಪಕ್ಕದ ಗದ್ದೆಗೆ ಇಳಿಸುತ್ತದೆ. ಹೀಗೆ ಕೂಡಿದ ಹೊತ್ತನ್ನು ಸರಿಮಾಡಲು 1972ರಿಂದ 27 ಅಧಿಕ ಸೆಕೆಂಡು ಸೇರಿಸಿದ್ದಾರೆ. ಕೊನೆಯದು ನಮ್ಮ ಗಡಿಯಾರದಲ್ಲಿ 2017ರ ಜನವರಿ 1ರ ಬೆಳಗಿನ ಐದೂವರೆಗೆ ಸ್ವಲ್ಪ ಮುಂಚೆ ಬಂತು. ನೀವು ಎಮ್ಮೆ ಹಿಂಡುತ್ತಿದ್ದಿರಬೇಕು.

ಕೊನೆಯದಾಗಿ ನನ್ನದೊಂದು ಕೋರಿಕೆ. ಹೊಲ ಅಳೆಯಲು ಈಗ ಸರ್ವೆಯವರು ರೋವರ್ ಎಂಬ ಜಿಪಿಎಸ್ ಯಂತ್ರ ತರುತ್ತಾರೆ, ಎಕರೆ ಸೆಂಟಿನ ಲೆಕ್ಕ ಕೂತಲ್ಲೇ ಬರುತ್ತದೆ. ಅದು ಅಳೆದು ಎದ್ದುಹೋಗುವ ಯಂತ್ರ. ನಾನು ಕೇಳುತ್ತಿರುವುದು ಎದ್ದುಹೋಗದ ಒಂದು ಆಂಟೆನಾ. ರಾಮನಗರದಿಂದ ಹಂಪಿಯವರೆಗೆ ಬಂದ ಸುಮಾರು 250 ಕೋಟಿ ವರ್ಷದ ಗ್ರಾನೈಟ್ ಸಾಲು ನಿಮ್ಮ ಹಿತ್ತಲಲ್ಲೇ ಇದೆ, ಪಿನ್ನು ನೆಡಲು ಇದಕ್ಕಿಂತ ಒಳ್ಳೆಯ ನೆಲ ಬೇಕೇ? ಪಕ್ಕದಲ್ಲೇ 300 ಕೋಟಿ ಟನ್ ನೀರು ವರ್ಷಕ್ಕೊಮ್ಮೆ ಬಂದು ಹೋಗುತ್ತದೆ. ಡ್ಯಾಮಿನ ಹತ್ತಿರದ ಬಂಡೆ ಭಾದ್ರಪದದ ಹೊತ್ತಿಗೆ ಆ ಭಾರಕ್ಕೆ ಮಿಲಿಮೀಟರುಗಟ್ಟಲೆ ತಗ್ಗಬೇಕು, ವೈಶಾಖಕ್ಕೆ ಏಳಬೇಕು. ಅದನ್ನು ಊರಿನ ಮಕ್ಕಳು ತಿಂಗಳು ತಿಂಗಳು ಪಟ್ಟಿಯಲ್ಲಿ ಗುರುತು ಹಾಕಬಹುದು, ಪಕ್ಕದಲ್ಲಿ ಡ್ಯಾಮಿನ ಮಟ್ಟವನ್ನೂ ಬರೆದುಕೊಂಡು. ಹಂಪಿಯ ಸಂರಕ್ಷಿತ ವಲಯದ ಹೊರಗೆ, ಯಾವ ಸ್ಮಾರಕಕ್ಕೂ ಗುಡಿಗೂ ಸೇರದ, ಕ್ವಾರಿಯವರ ಕಣ್ಣು ಬೀಳದ ಒಂದು ಬಂಡೆಯನ್ನು ಊರವರು ಗುರುತಿಸಿ ಕೊಡಿ. ಗೇಣಾಳದ ಒಂದು ತೂತು, ಒಂದು ಸ್ಟೀಲ್ ಪಿನ್, ಒಂದು ಸಣ್ಣ ಸೋಲಾರ್ ಫಲಕ, ದನ ಒಳಗೆ ನುಗ್ಗದಂತೆ ಸುತ್ತ ತಂತಿಬೇಲಿ. ಆಮೇಲೆ ಇಪ್ಪತ್ತು ವರ್ಷ ಯಾರೂ ಅದನ್ನು ಮುಟ್ಟಬಾರದು.